ಬೇಸಗೆಯ ರಜೆಯೂ ಸಂಶೋಧನೆಯ ಧನಸಹಾಯವೂ

ಪರೀಕ್ಷೆಗಳು ಮುಗಿದು ಕಾಲೇಜಿನ ಬಾಗಿಲು ಮುಚ್ಚಿದ ಮೇಲೆ ಅಧ್ಯಾಪಕರು ಏನು ಮಾಡುತ್ತಾರೆ? ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ನಮ್ಮನ್ನು ಕೇಳಿರುವುದುಂಟು. ಉತ್ತರಪತ್ರಿಕೆಗಳನ್ನು ತಿದ್ದುತ್ತಾರೆ, ಊರಿಗೆ ಹೋಗಿಬರುತ್ತಾರೆ ಎಂದರೆ ಸುಳ್ಳಾಗಲಾರದು. ಆದರೆ ವಿಜ್ಞಾನದ ಚರಿತ್ರೆಯನ್ನು ತೆರೆದು ನೋಡಿದರೆ, ರಜೆಯ ದಿನಗಳಲ್ಲಿ ಬೇರೊಂದು ಬೆಳೆಯೂ ಬೆಳೆದಿರುವುದು ಕಂಡುಬರುತ್ತದೆ.

1921ರಲ್ಲಿ ಸಮುದ್ರಯಾನ ಮಾಡುತ್ತಿದ್ದ ಸಿ. ವಿ. ರಾಮನ್‌ರವರು ಮೆಡಿಟರೇನಿಯನ್ ಕಡಲಿನ ನೀಲಿಯನ್ನು ಕಂಡು ಬೆರಗಾದರು. ನೀರಿನ ಅಣುಗಳೇ ಬೆಳಕನ್ನು ಚದರಿಸುವುದರಿಂದ ಆ ಬಣ್ಣ ಬರುತ್ತದೆಂದು ತರ್ಕಿಸಿ, ಕಲ್ಕತ್ತೆಗೆ ಮರಳಿ ದ್ರವಗಳಲ್ಲಿ ಬೆಳಕಿನ ಚದರಿಕೆಯ ಅಭ್ಯಾಸವನ್ನು ಕೈಗೊಂಡರು. ಅವರ ಸಂಗಡ ದುಡಿದವರಲ್ಲಿ ಕೆ. ಆರ್. ರಾಮನಾಥನ್ ಒಬ್ಬರು. ರಂಗೂನಿನ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಅವರು ರಜೆಗಳಲ್ಲಿ ಕಲ್ಕತ್ತೆಯ ಪ್ರಯೋಗಶಾಲೆಗೆ ಬರುತ್ತಿದ್ದರು. ಒಂದು ಬಣ್ಣದ ಸೋಸುಗಾಜಿನ ಮೂಲಕ ಬಂದ ಬಿಸಿಲನ್ನು ದ್ರವದೊಳಕ್ಕೆ ಹಾಯಿಸಿ, ಚದರಿದ ಬೆಳಕನ್ನು ಆ ಬಣ್ಣವನ್ನು ಪೂರ್ತಿಯಾಗಿ ತಡೆಯುವ ಇನ್ನೊಂದು ಗಾಜಿನ ಮೂಲಕ ನೋಡಿದರೆ ಕತ್ತಲೆಯೇ ಕಾಣಬೇಕಷ್ಟೆ. 1923ರಲ್ಲಿ ರಾಮನಾಥನ್ನರಿಗೆ ಕಂಡದ್ದು ಕತ್ತಲೆಯಲ್ಲ. ಮಸುಕಾದ ಬೆಳಕೊಂದು ಉಳಿದಿತ್ತು. ದ್ರವದಲ್ಲಿ ಕಲ್ಮಷವಿರಬಹುದೆಂದು ಮತ್ತೆ ಮತ್ತೆ ಶುದ್ಧೀಕರಿಸಿದರೂ ಅದು ಹೋಗಲಿಲ್ಲ. ಈ ಹಟಮಾರಿ ಬೆಳಕಿನ ನಿಜಸ್ವರೂಪ ಸ್ಪಷ್ಟವಾದುದು 1928ರ ಫೆಬ್ರವರಿ 28ರಂದು. ಇಂದು ಅದನ್ನು ರಾಮನ್ ಪರಿಣಾಮ ಎನ್ನುತ್ತೇವೆ. 1930ರಲ್ಲಿ ನೊಬೆಲ್ ಪಾರಿತೋಷಕವನ್ನು ತಂದ ಈ ಶೋಧದ ಮೊದಲ ಸುಳಿವುಗಳಲ್ಲೊಂದು, ರಜೆಗಳಲ್ಲಿ ಬಂದು ದುಡಿಯುತ್ತಿದ್ದ ಅಧ್ಯಾಪಕರೊಬ್ಬರ ಕಣ್ಣಿಗೆ ಬಿದ್ದಿತು.

ಇಂತಹ ಕೆಲಸಕ್ಕೆ ಮೂರು ಅನುಕೂಲಗಳು ಬೇಕು: ಸ್ಥಳ, ಹಣ, ಎಲ್ಲಕ್ಕಿಂತ ಮಿಗಿಲಾಗಿ ಎಡೆಬಿಡದ ಕಾಲ. ಉತ್ತಮ ನಿರ್ವಾತವನ್ನು ಪಡೆಯಬೇಕಾದರೆ ಪಾತ್ರೆಯನ್ನು ಒಂದೆರಡು ದಿನ ಬಿಸಿಯಾಗಿಟ್ಟು, ಗೋಡೆಗಳಿಗೆ ಅಂಟಿದ ಅನಿಲವನ್ನು ಪಂಪಿನಿಂದ ಎಳೆದು ತೆಗೆದು, ಬಳಿಕ ಆರಲು ಬಿಡಬೇಕು. ಎರಡು ತರಗತಿಗಳ ನಡುವಿನ ಒಂದು ಗಂಟೆಯಲ್ಲಿ ಇದು ಆಗುವ ಮಾತಲ್ಲ. ಪಾಠವಿಲ್ಲದ ತಿಂಗಳುಗಳೇ ಬೇಕು.

ಈ ತಿಂಗಳುಗಳಿಗೆ ಬೆಲೆ ಕಟ್ಟುವ ಕ್ರಮ ಅಮೆರಿಕದಲ್ಲಿ ವಿಶೇಷವಾಗಿ ಬೆಳೆದಿದೆ. ಅಲ್ಲಿಯ ವಿಶ್ವವಿದ್ಯಾನಿಲಯಗಳ ಅನೇಕ ಅಧ್ಯಾಪಕರ ನೇಮಕವಾಗುವುದು ವರ್ಷಕ್ಕೆ ಒಂಬತ್ತು ತಿಂಗಳಿಗೆ ಮಾತ್ರ. ಬೇಸಗೆಯ ಮೂರು ತಿಂಗಳಿಗೆ ಸಂಬಳವಿಲ್ಲ. ಸಂಬಳ ಬೇಕೆಂದರೆ ಬೇಸಗೆಯ ತರಗತಿಗಳಿಗೆ ಪಾಠ ಹೇಳಬೇಕು, ಇಲ್ಲವೆ ಸಂಶೋಧನೆಗೆ ಧನಸಹಾಯ ದೊರಕಿಸಿಕೊಳ್ಳಬೇಕು. ಇದರ ಲೆಕ್ಕ ಸರಳವಾದುದು. ಒಬ್ಬ ಪ್ರಾಧ್ಯಾಪಕರಿಗೆ ಒಂಬತ್ತು ತಿಂಗಳಿಗೆ 90,000 ಡಾಲರು ವೇತನವೆಂದು ಭಾವಿಸೋಣ. ತಿಂಗಳಿಗೆ 10,000 ಆಯಿತು. ಬೇಸಗೆಯಲ್ಲಿ ಎರಡು ತಿಂಗಳ ಸಂಶೋಧನೆಗೆ ಸಹಾಯ ದೊರೆತರೆ 20,000 ಡಾಲರು, ಎಂದರೆ ವೇತನದ ಒಂಬತ್ತರಲ್ಲಿ ಎರಡು ಪಾಲು ಬರುತ್ತದೆ. 1950ರಲ್ಲಿ ಸ್ಥಾಪಿತವಾದ ಆ ದೇಶದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು, ತಾನು ಕೊಡುವ ಎಲ್ಲ ಅನುದಾನಗಳೂ ಸೇರಿ ವರ್ಷಕ್ಕೆ ಎರಡು ತಿಂಗಳ ವೇತನವನ್ನು ಸಾಮಾನ್ಯವಾಗಿ ಮೀರಬಾರದೆಂದು ಮಿತಿಯಿಟ್ಟಿದೆ. ಸಂಶೋಧನೆಯೂ ಅಧ್ಯಾಪಕನ ಸಹಜ ಕರ್ತವ್ಯಗಳಲ್ಲೊಂದು, ಅದರ ಹೊರೆಯನ್ನು ವಿಶ್ವವಿದ್ಯಾನಿಲಯವೂ ಹೊರಬೇಕು ಎಂಬುದು ಇದರ ಹಿಂದಿನ ಭಾವನೆ.

ಇಂತಹ ದೊಡ್ಡ ಅನುದಾನಗಳಲ್ಲದೆ, ಅನೇಕ ವಿಶ್ವವಿದ್ಯಾನಿಲಯಗಳು ತಮ್ಮ ನಿಧಿಯಿಂದಲೇ ಸಣ್ಣ ಬೇಸಗೆ ಧನಸಹಾಯಗಳನ್ನು ಕೊಡುತ್ತವೆ. ಇವು ಬಿತ್ತನೆಯ ಬೀಜಕ್ಕೆ ಸಮಾನ. ಹೊಸದಾಗಿ ಸೇರಿದ ಅಧ್ಯಾಪಕನ ಮನಸ್ಸಿನಲ್ಲಿ ಒಂದು ಪ್ರಶ್ನೆಯಿರುತ್ತದೆ. ಅದು ಫಲಕೊಡುವುದೆಂಬುದಕ್ಕೆ ಆಧಾರವಿರುವುದಿಲ್ಲ. ಆಧಾರವಿಲ್ಲದೆ ದೊಡ್ಡ ಅನುದಾನ ಬರುವುದಿಲ್ಲ, ಅನುದಾನವಿಲ್ಲದೆ ಆಧಾರ ಹುಟ್ಟುವುದಿಲ್ಲ. ಈ ತೊಡಕನ್ನು ಬಿಡಿಸುವುದೇ ಸಣ್ಣ ಧನಸಹಾಯದ ಕೆಲಸ. ಅರ್ಜಿಯಲ್ಲಿ ಪ್ರಶ್ನೆ, ವಿಧಾನ, ಖರ್ಚಿನ ಪಟ್ಟಿ ಇವನ್ನು ಬರೆಯಬೇಕು. ಅದೇ ವಿದ್ಯೆಯನ್ನು ಬಲ್ಲವರು ತೂಗಿ ನೋಡುತ್ತಾರೆ. ಬೇಸಗೆ ಕಳೆದ ಮೇಲೆ ವರದಿ ಒಪ್ಪಿಸಬೇಕು.

ಈ ಸಹಾಯ ಭೌತ, ರಸಾಯನ, ಎಂಜಿನಿಯರಿಂಗ್, ಗಣಿತಗಳಿಗೆ ಮಾತ್ರವೆಂದು ವಾಚಕರು ತಿಳಿಯಬಾರದು. ಸಮಾಜವಿಜ್ಞಾನಿಗೂ ಪ್ರಯೋಗಶಾಲೆಯುಂಟು, ಅದು ಹಳ್ಳಿಯಾಗಿರಬಹುದು, ಪೇಟೆಯಾಗಿರಬಹುದು. ಮೈಸೂರಿನಲ್ಲಿ ಹುಟ್ಟಿದ ಎಂ. ಎನ್. ಶ್ರೀನಿವಾಸರಿಗೆ ಆಕ್ಸ್‌ಫರ್ಡಿನಲ್ಲಿ ಅಧ್ಯಾಪಕ ಹುದ್ದೆ ದೊರೆತಾಗ, ಮೊದಲ ವರ್ಷವನ್ನು ಕ್ಷೇತ್ರಕಾರ್ಯದಲ್ಲಿ ಕಳೆಯಲು ಅವಕಾಶ ಸಿಕ್ಕಿತು. ಅವರು ರಾಂಪುರವೆಂದು ಹೆಸರಿಟ್ಟ, ಮೈಸೂರಿಗೆ ಹತ್ತಿರದ ಹಳ್ಳಿಯೊಂದರಲ್ಲಿ 1948ರಲ್ಲಿ ತಿಂಗಳುಗಟ್ಟಲೆ ನೆಲಸಿ, 1952ರ ಬೇಸಗೆಯಲ್ಲಿ ಮರಳಿ ಬಂದರು. ಒಂದು ಊರಿನ ಜಾತಿ, ಜಗಳ, ಸ್ನೇಹಗಳ ಒಳಹೆಣಿಗೆಯನ್ನು ಪಾಠಗಳ ನಡುವಿನ ಭಾನುವಾರಗಳಲ್ಲಿ ಅರಿಯಲಾದೀತೆ?

ಆದರೂ ಸಮಾಜವಿಜ್ಞಾನಕ್ಕೆ ಹಣ ಕೊಡುವಾಗ ಜನ ಹೆಚ್ಚು ಅನುಮಾನಪಡುತ್ತಾರೆ. ಅಮೆರಿಕದ ಪ್ರತಿಷ್ಠಾನದ ಶಾಸನದಲ್ಲಿ ಸಮಾಜವಿಜ್ಞಾನದ ಹೆಸರು ಸ್ಪಷ್ಟವಾಗಿ ಸೇರಿದುದು 1968ರಲ್ಲಿ. 1975ರಲ್ಲಿ ಸೆನೆಟರ್ ವಿಲಿಯಂ ಪ್ರಾಕ್ಸ್‌ಮೈರ್, ಪ್ರೇಮವೆಂಬ ಭಾವವನ್ನು ಅಭ್ಯಸಿಸಲು ಆ ಪ್ರತಿಷ್ಠಾನ ಕೊಟ್ಟ 84,000 ಡಾಲರುಗಳನ್ನು ದುಂದುವೆಚ್ಚವೆಂದು ಬಹಿರಂಗವಾಗಿ ಹಾಸ್ಯಮಾಡಿದರು. ಜನರ ತೆರಿಗೆಯ ಹಣ ಎಲ್ಲಿ ಹೋಯಿತೆಂದು ಕೇಳುವುದು ನ್ಯಾಯವೇ. ಆದರೆ ಪ್ರಶ್ನೆ ವಿಚಿತ್ರವಾಗಿ ಕಂಡಿತೆಂಬುದೊಂದೇ ಅದನ್ನು ತಳ್ಳಿಹಾಕಲು ಕಾರಣವಾಗದು. ಶುದ್ಧ ದ್ರವದಲ್ಲಿ ಉಳಿದ ಮಸುಕು ಬೆಳಕಿಗಾಗಿ ವರ್ಷಗಟ್ಟಲೆ ದುಡಿಯುವುದೂ 1923ರಲ್ಲಿ ಹೊರಗಿನವರಿಗೆ ವಿಚಿತ್ರವಾಗಿಯೇ ಕಂಡಿರಬಹುದು.

ನಮ್ಮಲ್ಲಿಯೂ ಇಂತಹ ಒಂದು ಏರ್ಪಾಡು ಇದೆ. ರಾಮನ್‌ರವರು 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯು ದೇಶದ ಇನ್ನೆರಡು ವಿಜ್ಞಾನ ಅಕಾಡೆಮಿಗಳೊಡಗೂಡಿ, ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಬೇಸಗೆಯ ಸಂಶೋಧನಾ ವೇತನಗಳನ್ನು ಕೊಡುತ್ತ ಬಂದಿದೆ. ಆಯ್ಕೆಯಾದವರು ಎರಡು ತಿಂಗಳವರೆಗೆ ಅನುಭವಿ ವಿಜ್ಞಾನಿಯೊಬ್ಬರ ಬಳಿ ಕೆಲಸ ಮಾಡಬಹುದು. ದೂರದ ಊರಿನ ಸಣ್ಣ ಕಾಲೇಜಿನಲ್ಲಿರುವ ಅಧ್ಯಾಪಕನಿಗೆ ಇದು ರಂಗೂನಿನಿಂದ ಕಲ್ಕತ್ತೆಗೆ ಹೊರಡುವ ಹಡಗಿನ ಚೀಟಿಯಿದ್ದಂತೆ. ಹಿಂದಿರುಗುವಾಗ ಆತ ತರುವುದು ಬರಿಯ ವರದಿಯನ್ನಲ್ಲ. ಉತ್ತರ ಇನ್ನೂ ಗೊತ್ತಿಲ್ಲದ ಪ್ರಶ್ನೆಯೊಂದನ್ನು. ಅಂತಹ ಪ್ರಶ್ನೆಯೊಡನೆ ತರಗತಿಗೆ ಬಂದ ಅಧ್ಯಾಪಕನ ಪಾಠ ಹಿಂದಿನ ವರ್ಷದ ಪಾಠದಂತೆ ಇರುವುದಿಲ್ಲವೆಂಬುದನ್ನು ವಿದ್ಯಾರ್ಥಿಗಳೇ ಮೊದಲು ಗುರುತಿಸುತ್ತಾರೆ.