ಅಪ್ಪಣೆ ಸಿಗದ ಅಯಸ್ಕಾಂತ

ಪ್ಯಾರಿಸ್ಸಿನ ವಾಲ್ವಾ ಬೀದಿಯಲ್ಲಿ 1881ರ ಏಪ್ರಿಲ್ 19ರಂದು ಒಂದು ಮೂರುಗಾಲಿ ಸೈಕಲ್ಲು, ಯಾರೂ ಪೆಡಲ್ ತುಳಿಯದೆ, ತಾನಾಗಿ ಮುಂದಕ್ಕೆ ಹೊರಟಿತು. ಗಾಡಿಯೇನೋ ಇಂಗ್ಲೆಂಡಿನ ಸ್ಟಾರ್ಲಿ ತಯಾರಿಕೆಯದು; ಕಾಸಿದ್ದವರು ಅಂಗಡಿಯಿಂದ ಕೊಂಡು ತುಳಿಯುತ್ತಿದ್ದ ಮಾಮೂಲಿ ಮಾಲು. ಅದಕ್ಕೆ ಹೊಸ ಜೀವ ಕೊಟ್ಟವನು ಗುಸ್ತಾವ್ ಟ್ರೂವೆ. ವೈದ್ಯರಿಗೆ ಬೇಕಾದ ವಿದ್ಯುತ್ ಉಪಕರಣಗಳನ್ನು ಮಾಡುತ್ತಿದ್ದ ಕುಶಲಕರ್ಮಿ. ಗಾಯದೊಳಗೆ ಹುದುಗಿದ ಗುಂಡನ್ನು ಹುಡುಕುವ ಸಾಧನ ಮಾಡಿ ಹೆಸರು ಗಳಿಸಿದ್ದವನು. ಆತ ಸೀಮೆನ್ಸ್ ಮಾದರಿಯ ಪುಟ್ಟ ಮೋಟಾರನ್ನು ತಿದ್ದಿ ಸುಧಾರಿಸಿದ, ಗಾಸ್ತೋಂ ಪ್ಲಾಂಟೆ 1859ರಲ್ಲಿ ಕಂಡುಹಿಡಿದಿದ್ದ ಸೀಸದ ಬ್ಯಾಟರಿಗಳನ್ನು ಜೋಡಿಸಿದ, ಎಲ್ಲವನ್ನೂ ಆ ಸೈಕಲ್ಲಿಗೆ ಬಿಗಿದ. ಸವಾರನೂ ಸೇರಿ ಗಾಡಿಯ ತೂಕ 160 ಕಿಲೋ ಆಯಿತು. ವೇಗ ಗಂಟೆಗೆ 12 ಕಿಲೋಮೀಟರ್. ಜಗತ್ತಿನ ಮೊದಮೊದಲ ವಿದ್ಯುತ್ ವಾಹನಗಳಲ್ಲೊಂದು ಹುಟ್ಟಿದ್ದು ಹೀಗೆ: ಹೊಸದಾಗಿ ಕಟ್ಟಿದ್ದಲ್ಲ, ಇದ್ದ ಸೈಕಲ್ಲಿಗೆ ಮೋಟಾರು ಕೂರಿಸಿದ್ದು.

ಟ್ರೂವೆಗೆ ಅದರ ಪೇಟೆಂಟ್ ದಕ್ಕಲಿಲ್ಲ. ಆತ ಮುನಿಸಿಕೊಂಡು ಕೂರುವ ಜಾತಿಯವನೂ ಅಲ್ಲ. ತಿಂಗಳು ಕಳೆದು ಸ್ವಲ್ಪ ದಿನಕ್ಕೇ ಮೋಟಾರನ್ನು ದೋಣಿಯ ಹಿಂಬದಿಗೆ ಸಿಕ್ಕಿಸಿ ಸೇನ್ ನದಿಗೆ ಇಳಿದುಬಿಟ್ಟ. ಸೈಕಲ್ಲು ಮರೆತುಹೋಯಿತು.

ಹದಿನಾಲ್ಕು ವರ್ಷಗಳ ಮೇಲೆ, ಅಮೆರಿಕದ ಒಹಾಯೊದಲ್ಲಿ ಆಗ್ಡನ್ ಬೋಲ್ಟನ್ ಎಂಬಾತ ಒಂದು ನಕ್ಷೆ ಬರೆದ. ಚೈನಿಲ್ಲ, ಬೆಲ್ಟಿಲ್ಲ, ಮೋಟಾರೇ ಹಿಂಚಕ್ರದ ಹಬ್‌ನೊಳಗೆ. ಬ್ಯಾಟರಿ ಫ್ರೇಮಿನ ನಡುವಿನ ತ್ರಿಕೋನದಲ್ಲಿ. 1895ರ ಡಿಸೆಂಬರ್ 31ರಂದು ಪೇಟೆಂಟ್ ಮಂಜೂರಾಯಿತು. ಇಂದು ವಿದ್ಯುತ್ ಮೋಟಾರಿನ ಕಿಟ್ ಹಾಕಿದ ಸೈಕಲ್ಲಿನ ಪಕ್ಕದಲ್ಲಿ ಆ ನಕ್ಷೆ ಹಿಡಿದರೆ ಮೈ ಜುಮ್ಮೆನ್ನುತ್ತದೆ: ಎಲ್ಲವೂ ಇದ್ದಲ್ಲೇ ಇದೆ. ಆದರೆ ಬ್ಯಾಟರಿ ಹತ್ತೇ ವೋಲ್ಟಿನದು, ಅದರಿಂದ ನೂರು ಆಂಪಿಯರ್‌ವರೆಗೆ ಕರೆಂಟು ಎಳೆಯಬೇಕಿತ್ತು. ಆ ಕಾಲದ ಸೀಸದ ಬ್ಯಾಟರಿ ಅಂಥ ಹೊರೆಯನ್ನು ಎಷ್ಟು ಹೊತ್ತು ಹೊತ್ತೀತು? ಯೋಚನೆ ಪೂರ್ತಿ ಸಿದ್ಧವಾಗಿತ್ತು. ಅದಕ್ಕೆ ಬೇಕಾದ ಸಾಮಗ್ರಿ ಭೂಮಿಯ ಮೇಲೆ ಇನ್ನೂ ಹುಟ್ಟಿರಲಿಲ್ಲ.

ಟ್ರೂವೆ ತೀರಿಕೊಂಡದ್ದು 1902ರ ಜುಲೈ 27ರಂದು. ಅದಕ್ಕೆ ನಾಲ್ಕು ವಾರ ಮುಂಚೆಯಷ್ಟೇ, ಜೂನ್ 30ರಂದು, ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗಳಿಗೆ ಹರಿದಿತ್ತು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿತು. ಮುಂದೆ ಇದೇ ಊರಿನ ಪೂರ್ವದಲ್ಲಿ, ಬೈಯಪ್ಪನಹಳ್ಳಿಯಲ್ಲಿ, ಜರ್ಮನಿಯ ಎಇಜಿ ಕಂಪನಿಯ ಸಹಯೋಗದೊಂದಿಗೆ ಎನ್‌ಜಿಇಎಫ್ ಕಾರ್ಖಾನೆ ತಲೆಯೆತ್ತಿತು. 2002ರಲ್ಲಿ ಬಾಗಿಲು ಹಾಕುವವರೆಗೂ ಮೋಟಾರು, ಟ್ರಾನ್ಸ್‌ಫಾರ್ಮರುಗಳನ್ನು ಮಾಡಿತು. ಹಳೇ ಮದ್ರಾಸ್ ರಸ್ತೆಯಲ್ಲಿ ಪಾಳಿ ಹೊತ್ತಿಗೆ ಸರಿಯಾಗಿ ಸೈಕಲ್ ತುಳಿದು ಬಂದ ಕಾರ್ಮಿಕರು ದಿನವಿಡೀ ಮೋಟಾರು ಕಟ್ಟಿ, ಮತ್ತೆ ಸೈಕಲ್ ತುಳಿದು ಮನೆಗೆ ಹೋದರು. ಅಲ್ಲಿನ ಮೋಟಾರುಗಳು ನೆಲಕ್ಕೆ ಬೋಲ್ಟು ಬಿಗಿದು ನಿಲ್ಲಿಸುವಂಥವು, ತೂಕದ ಚಿಂತೆ ಅವಕ್ಕಿರಲಿಲ್ಲ. ಸೈಕಲ್ಲಿಗೆ ಬೇಕಾದದ್ದೇ ಬೇರೆ. ಒಂದು ಬೋಗುಣಿಯಷ್ಟು ಜಾಗದಲ್ಲಿ ಕೂತು, ಮನುಷ್ಯನನ್ನು ಏರು ಹತ್ತಿಸುವ ಬಲ ಬೇಕಿತ್ತು. ಅದಕ್ಕೆ ಬೇಕಿದ್ದದ್ದು ಪುಟ್ಟದಾದ, ಅಗ್ಗದ, ಆದರೆ ಭಯಂಕರ ಬಲದ ಅಯಸ್ಕಾಂತ.

ಅಂಥ ಬಲದ್ದೊಂದು ಆಗಲೇ ಇತ್ತು, ಸಮೇರಿಯಮ್ ಮತ್ತು ಕೋಬಾಲ್ಟಿನದು. ಬಲ ಸಾಕಷ್ಟು, ಬೆಲೆ ವಿಪರೀತ. ಕೋಬಾಲ್ಟಿನ ಬಹುಪಾಲು ಆಫ್ರಿಕದ ಜೈರ್‌ನಿಂದ ಬರುತ್ತಿತ್ತು. 1978ರಲ್ಲಿ ಅಲ್ಲಿನ ಶಾಬಾ ಪ್ರಾಂತ್ಯದಲ್ಲಿ ಯುದ್ಧ ಹೊತ್ತಿಕೊಂಡು ಬೆಲೆ ಗಗನಕ್ಕೇರಿತು.

ಜಪಾನಿನ ಫುಜಿತ್ಸು ಕಂಪನಿಯಲ್ಲಿ ಮಸಾತೊ ಸಗಾವಾ ಎಂಬ ಎಂಜಿನಿಯರಿಗೆ ವಹಿಸಿದ್ದ ಕೆಲಸ ಈ ಕೋಬಾಲ್ಟ್ ಅಯಸ್ಕಾಂತ ಸುಲಭವಾಗಿ ಒಡೆಯದಂತೆ ಗಟ್ಟಿ ಮಾಡುವುದು. ಅವರ ಮನಸ್ಸು ಮಾತ್ರ ಬೇರೊಂದು ಪ್ರಶ್ನೆಗೆ ಅಂಟಿಕೊಂಡಿತ್ತು. ಕೋಬಾಲ್ಟ್ ಯಾಕೆ? ಕಬ್ಬಿಣ ಅದಕ್ಕಿಂತ ಎಷ್ಟೋ ಅಗ್ಗ, ಕಾಂತಗುಣವೂ ಜಾಸ್ತಿ, ಕಬ್ಬಿಣದಿಂದ ಯಾಕಾಗದು? 1978ರ ಜನವರಿಯ ಒಂದು ವಿಚಾರಗೋಷ್ಠಿಯಲ್ಲಿ ಹಮಾನೊ ಎಂಬ ಸಂಶೋಧಕರು ಅದಕ್ಕೆ ಕಾರಣ ಹೇಳಿದರು. ಸಮೇರಿಯಮ್‌ನಂಥ ವಿರಳ ಲೋಹಗಳೊಂದಿಗೆ ಬೆರೆತಾಗ ಕಬ್ಬಿಣದ ಪರಮಾಣುಗಳು ಒಂದಕ್ಕೊಂದು ತೀರಾ ಹತ್ತಿರ ಬಂದುಬಿಡುತ್ತವೆ, ಅದರಿಂದ ಕಾಂತಶಕ್ತಿ ನಿಲ್ಲುವುದಿಲ್ಲ ಎಂದರು. ಉಳಿದವರು ಅದನ್ನು ವಿಷಯದ ಮುಕ್ತಾಯವೆಂದುಕೊಂಡರು. ಸಗಾವಾ ಅವರಿಗೆ ಅದು ಬಾಗಿಲಿನಂತೆ ಕಂಡಿತು: ಇಕ್ಕಟ್ಟಿನ ನಡುವೆ ಇಂಗಾಲವನ್ನೋ ಬೋರಾನನ್ನೋ, ಯಾವುದಾದರೂ ಚಿಕ್ಕ ಪರಮಾಣುವನ್ನು ತೂರಿಸಿದರೆ ಕಬ್ಬಿಣ ದೂರ ಸರಿಯಬೇಡವೇ?

ಇದು ಕಂಪನಿ ಕೊಟ್ಟ ಕೆಲಸವಲ್ಲ. ಒಪ್ಪಿಗೆ ಸಿಗಲಿಲ್ಲ. ಕೊಟ್ಟ ಕೆಲಸದ ಪಕ್ಕದಲ್ಲೇ, ಸಿಕ್ಕ ಹೊತ್ತಿನಲ್ಲಿ, ಅವರು ಬಗೆಬಗೆಯ ಲೋಹಗಳನ್ನು ಕರಗಿಸಿ ಬೆರೆಸಿದರು. ನಿಯೊಡಿಮಿಯಮ್, ಕಬ್ಬಿಣ, ಬೋರಾನ್ ಕೂಡಿದ ಒಂದು ಬೆರಕೆಯಲ್ಲಿ ಕಾಂತಬಲ ಮಿಂಚಿತು. ಆದರೆ ಬಲ ಹುಟ್ಟಿದರೆ ಸಾಲದು, ಅದು ನಿಲ್ಲಬೇಕು. ಹೊರಗಿನಿಂದ ಎದುರು ಕಾಂತಕ್ಷೇತ್ರ ಬಿದ್ದಾಗಲೂ ಪಟ್ಟು ಬಿಡಬಾರದು. ಆ ಪಟ್ಟು ಇನ್ನೂ ಬಂದಿರಲಿಲ್ಲ. ಅದನ್ನು ಪಳಗಿಸಲು ಕುಲುಮೆ, ಪುಡಿಮಾಡುವ ಗಿರಣಿ, ಜೊತೆಗೆ ಕೈಗಳು ಬೇಕಿದ್ದವು. ಫುಜಿತ್ಸುವಿನಲ್ಲಿ ಅದಾಗದು ಎಂದು ಖಚಿತವಾದಾಗ, ನಲವತ್ತರ ಹೊಸ್ತಿಲಲ್ಲಿ, ಅವರು ಕೆಲಸವನ್ನೇ ಬಿಟ್ಟರು. ಸುಮಿತೊಮೊ ಸ್ಪೆಷಲ್ ಮೆಟಲ್ಸ್ ಕಂಪನಿ ಅವರ ಮಾತನ್ನು ನಂಬಿತು. 1982ರಲ್ಲಿ ಅಲ್ಲಿ ಸೇರಿದ ಕೆಲವೇ ತಿಂಗಳಲ್ಲಿ, ಬೆರಕೆಯನ್ನು ನುಣ್ಣಗೆ ಪುಡಿಮಾಡಿ, ಕಾಂತಕ್ಷೇತ್ರದಲ್ಲಿ ಕಣಗಳನ್ನು ಒಂದೇ ದಿಕ್ಕಿಗೆ ಸಾಲು ಹಿಡಿಸಿ, ಒತ್ತಿ, ಕಾಯಿಸಿ ಕೂಡಿಸಿದಾಗ, ಅದುವರೆಗೆ ಜಗತ್ತು ಕಂಡ ಎಲ್ಲ ಕಾಯಂ ಅಯಸ್ಕಾಂತಗಳನ್ನೂ ಮೀರಿಸಿದ್ದು ಕೈಗೆ ಬಂತು.

ಖುಷಿ ಪೂರ್ತಿಯಾಗಲಿಲ್ಲ. ಬಿಸಿ ತಗುಲಿದರೆ ಹೊಸ ಅಯಸ್ಕಾಂತ ಸೋಲುತ್ತಿತ್ತು, ಮೋಟಾರೋ ಬಿಸಿಯಾಗದೆ ಇರದು. ಮತ್ತೆ ಹುಡುಕಾಟ. ಕೊನೆಗೆ ಡಿಸ್‌ಪ್ರೋಸಿಯಮ್ ಎಂಬ ಇನ್ನೊಂದು ವಿರಳ ಲೋಹವನ್ನು ಚಿಟಿಕೆಯಷ್ಟು ಸೇರಿಸಿದಾಗ ಅದು ಬಿಸಿಯನ್ನೂ ತಾಳಿತು. 1983ರ ನವೆಂಬರಿನಲ್ಲಿ ಪಿಟ್ಸ್‌ಬರ್ಗ್‌ನ ಸಮ್ಮೇಳನಕ್ಕೆ ಈ ಸುದ್ದಿ ಹೊತ್ತು ಹೋದರೆ ಅಲ್ಲೊಂದು ಆಶ್ಚರ್ಯ: ಜನರಲ್ ಮೋಟಾರ್ಸ್‌ನ ಜಾನ್ ಕ್ರೋಟ್ ಅವರೂ, ಕರಗಿದ ಲೋಹವನ್ನು ತಿರುಗುವ ಚಕ್ರದ ಮೇಲೆ ಸುರಿದು ಥಟ್ಟನೆ ತಣಿಸುವ ಬೇರೆಯದೇ ದಾರಿಯಲ್ಲಿ, ಇದೇ ಮೂರು ಧಾತುಗಳಿಗೆ ಬಂದು ತಲುಪಿದ್ದರು. ಇನ್ನೂ ಸೋಜಿಗವೆಂದರೆ, ಬೋರಾನ್ ಕಬ್ಬಿಣವನ್ನು ದೂರ ತಳ್ಳುವುದರಿಂದಲೇ ಬಲ ಬರುತ್ತದೆ ಎಂಬ ಸಗಾವಾ ಅವರ ಮೂಲ ತರ್ಕ ಪೂರ್ತಿ ಸರಿಯಲ್ಲವೆಂದು ಮುಂದಿನ ಲೆಕ್ಕಾಚಾರಗಳು ತೋರಿಸಿದವು. ಬೋರಾನಿನ ಕೆಲಸ ಹೆಚ್ಚಾಗಿ ಬೆರಕೆಯ ಹರಳಿನ ರಚನೆಯನ್ನು ಸ್ಥಿರವಾಗಿ ಹಿಡಿದಿಡುವುದು. ಅರೆತಪ್ಪು ಕಾರಣ ಹಿಡಿದು ನಡೆದವರು ಸರಿಯಾದ ಜಾಗಕ್ಕೆ ಮುಟ್ಟಿದ್ದರು.

ಬ್ಯಾಟರಿಯ ಕತೆಗೆ ಬೇರೆಯೇ ಬರಹ ಬೇಕು. ವಿಟಿಂಗ್‌ಹ್ಯಾಮ್, ಗುಡ್‌ಇನಫ್, ಯೊಶಿನೊ ಎಂಬ ಮೂವರು ವಿಜ್ಞಾನಿಗಳ ದುಡಿಮೆಯ ಫಲವಾಗಿ 1991ರಲ್ಲಿ ಸೋನಿ ಕಂಪನಿ ಲಿಥಿಯಮ್ ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. ಬೋಲ್ಟನ್ನನ ನಕ್ಷೆಗೆ ಕೊನೆಗೂ ಸಾಮಗ್ರಿ ಸಿಕ್ಕಿತು.

ಹಾಗೆ ಆ ನಕ್ಷೆ ರಟ್ಟಿನ ಡಬ್ಬಿಯೊಳಗೆ, ಇದ್ದ ಸೈಕಲ್ಲಿಗೆ ಜೋಡಿಸುವ ಕಿಟ್ ಆಗಿ ಬಂತು: ಹಬ್‌ನಲ್ಲಿ ಮೋಟಾರು ಕೂತ ಚಕ್ರ, ಕಂಟ್ರೋಲರ್, ಥ್ರಾಟಲ್, ಪೆಡಲ್ ತಿರುಗಿದ್ದನ್ನು ಹೇಳುವ ಸೆನ್ಸರ್, ಬ್ರೇಕ್ ಹಿಡಿದಾಗ ಕರೆಂಟು ಕಡಿಯುವ ಲಿವರ್, ಬ್ಯಾಟರಿ. ಚಕ್ರ ಬದಲಿಸಿ ವೈರು ಸಿಕ್ಕಿಸಿದರೆ ಮುಗಿಯಿತು ಎಂದುಕೊಂಡವರಿಗೆ ನಮ್ಮ ಹಳೇ ಸೈಕಲ್ಲುಗಳು ಪಾಠ ಕಲಿಸಿದವು. ಮೋಟಾರಿನ ಅಚ್ಚು ದಪ್ಪ, ಫೋರ್ಕಿನ ಸೀಳು ಕಿರಿದು. ಅರ ಹಿಡಿದು ಉಜ್ಜಿ ಕೂರಿಸಿದರು. ಉಜ್ಜಿದ್ದು ಒಂದಿಷ್ಟು ಹೆಚ್ಚಾದರೂ ಸಾಕು, ಥ್ರಾಟಲ್ ತಿರುವಿದ ಕೂಡಲೆ ಚಕ್ರದ ಬದಲು ಅಚ್ಚೇ ಸೀಳಿನೊಳಗೆ ಗಿರ್ರನೆ ತಿರುಗಿ, ಅದರ ಟೊಳ್ಳಿನಲ್ಲಿ ಹಾದುಬಂದ ವೈರನ್ನು ಹರಿದುಹಾಕಿತು. ಮಾಮೂಲಿ ಸೈಕಲ್ಲಿನ ಅಚ್ಚು ಇಂಥ ತಿರುಚುವ ಬಲವನ್ನು ಎಂದೂ ಕಂಡಿರಲಿಲ್ಲ. ಅಚ್ಚನ್ನು ಕಚ್ಚಿ ಹಿಡಿದು ಫ್ರೇಮಿಗೆ ಕಟ್ಟುವ ಉಕ್ಕಿನ ಪಟ್ಟಿ, ಟಾರ್ಕ್ ಆರ್ಮ್, ಅದಕ್ಕೆ ಪರಿಹಾರವಾಯಿತು. ರಾಡ್ ಬ್ರೇಕಿನ ಸೈಕಲ್ಲಿಗೆ ಕಿಟ್ಟಿನ ಲಿವರ್ ಹೊಂದಲಿಲ್ಲ, ಬ್ರೇಕನ್ನೇ ಬದಲಿಸಬೇಕಾಯಿತು. ಮಳೆ ಬಂದಾಗ ನೀರು ವೈರನ್ನೇ ಹಿಡಿದು ಇಳಿದು ಮೋಟಾರಿನೊಳಗೆ ಹೊಕ್ಕಿತು. ಅದಕ್ಕೆ ಸಿಕ್ಕ ಉಪಾಯ ಬಲು ಸರಳ: ಅಚ್ಚಿಗೆ ಸೇರುವ ಮುಂಚೆ ವೈರನ್ನು ಒಂದಿಷ್ಟು ಕೆಳಕ್ಕೆ ಜೋತುಬಿಟ್ಟರು, ಹನಿ ಅಲ್ಲಿಂದಲೇ ನೆಲಕ್ಕೆ ಬಿತ್ತು.

ನಿಜವಾದ ಪರೀಕ್ಷೆ ಹಲಸೂರು ಕೆರೆಯ ತಗ್ಗಿನಿಂದ ಟ್ರಿನಿಟಿ ಚರ್ಚಿನತ್ತ ಏರುವ ದಾರಿಯದು. ಅಲ್ಲಿ ಹಬ್‌ನೊಳಗೆ ನಡೆಯುವುದು ಇಷ್ಟು. ಹೊರಗಿನ ಬಳೆಯಲ್ಲಿ ಆ ನಿಯೊಡಿಮಿಯಮ್ ಅಯಸ್ಕಾಂತಗಳು ಉತ್ತರ, ದಕ್ಷಿಣ ಎಂದು ಸರದಿಯಂತೆ ಕೂತಿರುತ್ತವೆ. ಒಳಗೆ ಕಬ್ಬಿಣದ ಹಲ್ಲುಗಳಿಗೆ ತಾಮ್ರದ ತಂತಿ ಸುತ್ತಿರುತ್ತದೆ. ಅಯಸ್ಕಾಂತ ಯಾವ ಜಾಗಕ್ಕೆ ಬಂತೆಂದು ಮೂರು ಪುಟ್ಟ ಸೆನ್ಸರುಗಳು ಹೇಳಿದಂತೆ ಕಂಟ್ರೋಲರ್ ಒಂದಾದ ಮೇಲೊಂದು ಸುರುಳಿಗೆ ಕರೆಂಟು ಬಿಡುತ್ತದೆ, ಎಳೆತ ಸದಾ ಒಂದು ಹೆಜ್ಜೆ ಮುಂದಿರುತ್ತದೆ. ಬೇಕಾದ ಎರಡು ಕಾಂತಕ್ಷೇತ್ರಗಳಲ್ಲಿ ಒಂದು ಅಯಸ್ಕಾಂತದಿಂದ ಪುಕ್ಕಟೆಯಾಗಿ ಸಿಗುವುದರಿಂದ, ಅದನ್ನು ಹುಟ್ಟಿಸಲು ಬ್ಯಾಟರಿ ಖರ್ಚಾಗುವುದಿಲ್ಲ. ಸಾಮಾನ್ಯ ಸವಾರ ದಣಿಯದೆ ಕೊಡಬಲ್ಲದ್ದು ಸುಮಾರು 100 ವಾಟ್. ಮೋಟಾರು ಅದರ ಮೇಲೆ 250 ವಾಟ್‌ವರೆಗೆ ಸೇರಿಸುತ್ತದೆ. ಆ ಮಿತಿಯೊಳಗೆ, ಗಂಟೆಗೆ 25 ಕಿಲೋಮೀಟರ್ ದಾಟದೆ ಓಡುವವರೆಗೆ, ಭಾರತದ ನಿಯಮದ ಕಣ್ಣಲ್ಲಿ ಅದು ಮೋಟಾರು ವಾಹನವಲ್ಲ. ನಂಬರ್ ಪ್ಲೇಟೂ ಬೇಡ, ಲೈಸೆನ್ಸೂ ಬೇಡ. ಕೆ.ಆರ್. ಪುರದ ದಾರಿಯಲ್ಲಿ ಬ್ಯಾಟರಿ ಮುಗಿದುಹೋದರೆ, ಹಲ್ಲುಚಕ್ರಗಳ ಮಾದರಿಯ ಹಬ್‌ನಲ್ಲಿರುವ ಫ್ರೀವ್ಹೀಲು ಮೋಟಾರನ್ನು ಚಕ್ರದಿಂದ ಬಿಡಿಸುತ್ತದೆ, ಸವಾರ ಎಂದಿನಂತೆ ತುಳಿದುಕೊಂಡು ಹೋಗಬಹುದು.