ಗಡಿನಾಡಿನ ಸಭೆಯಲ್ಲಿ ಶಾಸ್ತ್ರಸಮ್ಮತ ಆರಾಧನೆ

ಸೊಲ್ಲಾಪುರ ಭಾಗದ ಪ್ರೊಟೆಸ್ಟಂಟ್ ಕ್ರೈಸ್ತರ ಆರಾಧನಾ ಪದ್ಧತಿಯ ಮೂಲವನ್ನು ಹುಡುಕಹೊರಟರೆ ಅದು ಅಮೆರಿಕನ್ ಮರಾಠಿ ಮಿಷನ್ನಿಗೆ ಹೋಗಿ ಮುಟ್ಟುತ್ತದೆ. 1813ರಲ್ಲಿ ಮುಂಬಯಿಯಲ್ಲಿ ನೆಲೆಯೂರಿ, 1831ರಲ್ಲಿ ಅಹಮದ್‌ನಗರಕ್ಕೂ 1860ರ ದಶಕದಲ್ಲಿ ಸೊಲ್ಲಾಪುರಕ್ಕೂ ಹಬ್ಬಿದ ಈ ಸಂಸ್ಥೆಯ ಪಾದ್ರಿಗಳು ಕಾಂಗ್ರಿಗೇಷನಲ್ ಪರಂಪರೆಯವರು, ಎಂದರೆ ಬಿಷಪ್ಪರ ಆಳ್ವಿಕೆಯನ್ನು ಒಪ್ಪದೆ ಪ್ರತಿಯೊಂದು ಸ್ಥಳೀಯ ಸಭೆಯೂ ತನ್ನ ವ್ಯವಹಾರವನ್ನು ತಾನೇ ನಡೆಸಿಕೊಳ್ಳಬೇಕೆಂದು ನಂಬಿದವರು. ಅವರ ಸಭೆಗಳು 1924ರಲ್ಲಿ ಉತ್ತರ ಭಾರತದ ಸಂಯುಕ್ತ ಸಭೆಯೊಳಗೆ ಸೇರಿ, ಆ ಸಭೆಯೂ 1970ರ ನವೆಂಬರ್ 29ರಂದು ನಾಗಪುರದಲ್ಲಿ ಉದಯಿಸಿದ ಉತ್ತರ ಭಾರತ ಸಭೆಯಲ್ಲಿ ವಿಲೀನವಾಯಿತು. ಬಿಷಪ್ಪರನ್ನು ಒಲ್ಲದವರ ವಾರಸುದಾರರು ಕಡೆಗೆ ಬಿಷಪ್ಪರುಳ್ಳ ಸಭೆಯ ಸದಸ್ಯರಾದದ್ದು ಇತಿಹಾಸದ ಒಂದು ವಿನೋದವೇ ಸರಿ.

ಆರಾಧನೆಯಲ್ಲಿ ಏನಿರಬೇಕು, ಏನಿರಬಾರದು ಎಂಬ ವಿಷಯದಲ್ಲಿ ಸುಧಾರಣಾ ಕಾಲದ ಪಂಥಗಳು ಒಮ್ಮತಕ್ಕೆ ಬರಲಿಲ್ಲ. ಸತ್ಯವೇದವು ನಿಷೇಧಿಸದಿರುವುದನ್ನು ಉಳಿಸಿಕೊಳ್ಳಬಹುದೆಂದು ಲೂಥರನ ಅನುಯಾಯಿಗಳೂ ಆಂಗ್ಲಿಕನ್ನರೂ ಹೇಳಿದರೆ, ಸತ್ಯವೇದವು ವಿಧಿಸಿರುವುದಷ್ಟೇ ಸಲ್ಲುತ್ತದೆಂದು ಕ್ಯಾಲ್ವಿನನ ಹಾದಿಯವರು ಪಟ್ಟುಹಿಡಿದರು, ಕಾಂಗ್ರಿಗೇಷನಲ್ ಸಭೆಗಳು ಬೆಳೆದದ್ದು ಈ ಎರಡನೆಯ ಬಿಗುಪಿನ ನಡುವೆ. ಅವರ ಆಧಾರಗಳಲ್ಲಿ ಯಾಜಕಕಾಂಡದ ಹತ್ತನೆಯ ಅಧ್ಯಾಯ ಮುಖ್ಯವಾದುದು. ಅಪ್ಪಣೆಯಿಲ್ಲದ ಬೆಂಕಿಯನ್ನು ದೇವರ ಮುಂದೆ ತಂದ ಆರೋನನ ಮಕ್ಕಳಿಬ್ಬರು ಅಲ್ಲಿಯೇ ಅಸುನೀಗಿದ ಪ್ರಸಂಗ ಅಲ್ಲಿದೆ. ಬೋಧನೆ, ಅನ್ಯೋನ್ಯತೆ, ರೊಟ್ಟಿ ಮುರಿಯುವುದು ಮತ್ತು ಪ್ರಾರ್ಥನೆ ಎಂಬ ನಾಲ್ಕನ್ನು ಅಪೊಸ್ತಲರ ಕೃತ್ಯಗಳ ಎರಡನೆಯ ಅಧ್ಯಾಯವು ಆದಿಸಭೆಯ ರೂಢಿಯೆಂದು ಹೇಳುವುದರಿಂದ, ವೇದಪಾಠ, ಪ್ರಸಂಗ, ಪಾಪನಿವೇದನೆ, ಕಾಣಿಕೆ, ಕರ್ತನ ಭೋಜನ ಇವುಗಳನ್ನು ಇಂದಿಗೂ ಭಾನುವಾರದ ಆರಾಧನೆಯ ಅಂಗಗಳೆಂದು ಪರಿಗಣಿಸಲಾಗುತ್ತದೆ. ಕರ್ತನ ಭೋಜನವೆಂದರೆ ಯೇಸುವಿನ ಕಡೆಯ ಊಟದ ಸ್ಮರಣೆಗಾಗಿ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚಿಕೊಳ್ಳುವ ಸಂಸ್ಕಾರ.

ಆದರೆ ವಿಧಿಯನ್ನು ಚಾಚೂ ತಪ್ಪದೆ ನಡೆಸಿದ ಮಾತ್ರಕ್ಕೆ ಆರಾಧನೆ ಸಲ್ಲುವುದಿಲ್ಲವೆಂದು ಅದೇ ಶಾಸ್ತ್ರವು ಕಟುವಾಗಿ ಹೇಳುತ್ತದೆ. ಬಡವರನ್ನು ತುಳಿಯುವವರ ಉತ್ಸವಗಳನ್ನೂ ಹಾಡುಗಳನ್ನೂ ದೇವರು ಹೇಸುತ್ತಾನೆಂಬುದು ಪ್ರವಾದಿ ಆಮೋಸನ ವಾದ. ಸೋದರನಿಗೆ ತನ್ನ ಮೇಲೆ ಮುನಿಸಿದೆಯೆಂದು ನೆನಪಾದವನು ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು, ಮೊದಲು ಹೋಗಿ ರಾಜಿಯಾಗಿ ಬರಬೇಕೆಂಬುದು ಮತ್ತಾಯನ ಸುವಾರ್ತೆಯಲ್ಲಿ ಯೇಸುವಿನ ಬೋಧನೆ. ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯದಲ್ಲಿ ಸಮಾರ್ಯದ ಹೆಂಗಸೊಬ್ಬಳು ಬಾವಿಯ ಬಳಿ, ಪೂಜೆಗೆ ತಕ್ಕ ಸ್ಥಳ ಗೆರಿಜ್ಜೀಮ್ ಬೆಟ್ಟವೋ ಯೆರೂಸಲೇಮೋ ಎಂಬ ತಲೆಮಾರುಗಳ ಜಗಳವನ್ನು ಎತ್ತಿದಾಗ, ಯೇಸು ಸ್ಥಳದ ಪ್ರಶ್ನೆಯನ್ನು ಬದಿಗೆ ಸರಿಸಿ, ಆತ್ಮದಿಂದಲೂ ಸತ್ಯದಿಂದಲೂ ಆರಾಧಿಸುವವರೇ ತಂದೆಗೆ ಬೇಕಾದವರೆನ್ನುತ್ತಾನೆ. ಸೊನ್ನಲಿಗೆಯಲ್ಲಿ, ಎಂದರೆ ಇಂದಿನ ಸೊಲ್ಲಾಪುರದಲ್ಲಿ, ಕೆರೆ ಕಟ್ಟಿಸಿ ಗುಡಿ ಎತ್ತಿಸಿದ ಸಿದ್ಧರಾಮನು ಅಲ್ಲಮ, ಬಸವಣ್ಣರ ಸಂಗದಲ್ಲಿ ಒಳಗಿನ ಪೂಜೆಯತ್ತ ತಿರುಗಿದ ಕಥೆಯನ್ನು ಬಲ್ಲ ಸೊಲ್ಲಾಪುರದ ಜನರಿಗೆ ಈ ಸಂವಾದದ ಒಳದನಿ ಅಪರಿಚಿತವೆನಿಸಲಾರದು, ಎರಡರ ತತ್ತ್ವನೆಲೆಗಳು ಬೇರೆಯಾದರೂ.

ಅಹಮದ್‌ನಗರದ ಸುತ್ತ ಈ ಮಿಷನ್ನಿನ ಸಭೆಗಳನ್ನು ಸೇರಿದವರಲ್ಲಿ ಹೆಚ್ಚಿನವರು ಅಸ್ಪೃಶ್ಯರೆಂದು ದೂರವಿಡಲಾಗಿದ್ದ ಮಹಾರ್ ಮತ್ತು ಮಾಂಗ್ ಸಮುದಾಯದವರು. ಆದ್ದರಿಂದ ಒಂದೇ ರೊಟ್ಟಿಯನ್ನು ಹಂಚಿಕೊಳ್ಳುವುದು ಪ್ರಾಮಾಣಿಕತೆಯ ನೇರ ಪರೀಕ್ಷೆಯಾಯಿತು. ಉಳ್ಳವರು ಮೊದಲೇ ಉಂಡು, ಇಲ್ಲದವರು ಹಸಿದು ಕೂತ ಕೊರಿಂಥದ ಸಭೆಯನ್ನು ಪೌಲನು ಗದರಿಸಿದ ಪತ್ರವನ್ನು ಇಲ್ಲಿ ಬೇರೆ ವ್ಯಾಖ್ಯಾನವಿಲ್ಲದೆಯೇ ತಿಳಿಯಬಹುದಾಗಿತ್ತು.

ಹಾಡಿನ ವಿಷಯದಲ್ಲಿ ಮಿಷನ್ನಿನ ಬಿಗುಪು ಬೇಗ ಸಡಿಲವಾಯಿತು, ಅದು ಒಳ್ಳೆಯದೇ ಆಯಿತು. 1895ರಲ್ಲಿ ದೀಕ್ಷಾಸ್ನಾನ ಪಡೆದ ಕವಿ ನಾರಾಯಣ ವಾಮನ ತಿಲಕರು ಮರಾಠಿ ಸಂತರ ಅಭಂಗ, ಭಜನೆಗಳ ಧಾಟಿಯಲ್ಲಿ ರಚಿಸಿದ ಗೀತೆಗಳು ‘ಉಪಾಸನಾ ಸಂಗೀತ’ವೆಂಬ ಗೀತಸಂಗ್ರಹದಲ್ಲಿ ಸೇರಿ, ಪಾಶ್ಚಾತ್ಯ ರಾಗಗಳಿಗೆ ಹೊಂದಿಸಿದ ಅನುವಾದಗಳಿಗಿಂತ ಜನರಿಗೆ ಹತ್ತಿರವಾದವು. ಸಹ್ಯಾದ್ರಿಯ ಕನ್ನಡ ನೆಲದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರು ಪುಣೆ–ಸೊಲ್ಲಾಪುರ ರೈಲು ಮಾರ್ಗದ ಕೇಡಗಾಂವಿನಲ್ಲಿ ಕುಳಿತು, ಹೀಬ್ರೂ ಮತ್ತು ಗ್ರೀಕ್ ಮೂಲಗಳಿಂದ ಸತ್ಯವೇದವನ್ನು ಹಳ್ಳಿಯ ಹೆಂಗಸರಿಗೂ ತಿಳಿಯುವ ಮರಾಠಿಗೆ ತರುವ ಕೆಲಸವನ್ನು 1922ರಲ್ಲಿ ತೀರಿಕೊಳ್ಳುವವರೆಗೂ ನಡೆಸಿದರು. ರೋಮನ್ ಕಥೋಲಿಕರ ಬಲಿಪೂಜೆಯಾದರೋ ಶತಮಾನಗಳ ಕಾಲ ಲ್ಯಾಟಿನ್ನಿನಲ್ಲಿಯೇ ನಡೆದು, ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಆರಾಧನಾ ವಿಧಿಯ ಕುರಿತ ಶಾಸನವನ್ನು ಹೊರಡಿಸಿದ ಮೇಲೆ ದೇಶಭಾಷೆಗಳಿಗೆ ತೆರೆದುಕೊಂಡಿತು.

ಈ ಪ್ರದೇಶದಲ್ಲಿ ಶಾಸ್ತ್ರಸಮ್ಮತಿಯ ಕಠಿಣ ಪ್ರಶ್ನೆ ಉಳಿದಿರುವುದು ಭಾಷೆಯಲ್ಲಿ. ಮಿಷನ್ನಿನ ಹೆಸರೇ ಮರಾಠಿಯದು. ಅಕ್ಕಲಕೋಟೆ ತಾಲ್ಲೂಕಿನ ಎಷ್ಟೋ ಮನೆಗಳ ಮಾತು ಕನ್ನಡ, ಅಲ್ಲಿ ಕನ್ನಡ ಶಾಲೆಗಳೂ ನಡೆಯುತ್ತಿವೆ. ಕೇಳುವವನಿಗೆ ಅರ್ಥವಾಗದ ಭಾಷೆಯ ಹತ್ತು ಸಾವಿರ ಮಾತುಗಳಿಗಿಂತ ತಿಳಿಯುವ ಐದೇ ಮಾತು ಮೇಲೆಂಬ ತೀರ್ಪನ್ನು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಹದಿನಾಲ್ಕನೆಯ ಅಧ್ಯಾಯದಲ್ಲಿ ಪೌಲನು ಕೊಡುವುದಲ್ಲದೆ, ಅರ್ಥ ತಿಳಿಯದವನು ಪ್ರಾರ್ಥನೆಗೆ ಆಮೆನ್ ಎನ್ನುವುದಾದರೂ ಹೇಗೆಂದು ಕೇಳುತ್ತಾನೆ. ಎಜ್ರನು ಧರ್ಮಶಾಸ್ತ್ರವನ್ನು ಓದಿದಾಗ ಲೇವಿಯರು ಜನರ ನಡುವೆ ನಿಂತು ಅರ್ಥವನ್ನು ಬಿಡಿಸಿ ಹೇಳಿದರೆಂದು ನೆಹೆಮೀಯನ ಗ್ರಂಥದಲ್ಲಿದೆ. ಬಳ್ಳಾರಿಯ ಲಂಡನ್ ಮಿಷನ್ನಿನವರ ಶ್ರಮದಿಂದ 1831ರ ಹೊತ್ತಿಗೇ ಇಡೀ ಸತ್ಯವೇದ ಕನ್ನಡದಲ್ಲಿ ಅಚ್ಚಾಗಿತ್ತು, ಬಾಸೆಲ್ ಮಿಷನ್ನಿನ ಕಿಟ್ಟೆಲರು 1862ರಲ್ಲಿ ಕ್ರಿಸ್ತಚರಿತೆಯನ್ನು ‘ಕಥಾಮಾಲೆ’ ಎಂಬ ಹೆಸರಿನಲ್ಲಿ ಕನ್ನಡ ಪದ್ಯವಾಗಿಸಿದ್ದರು, ಹೀಗಾಗಿ ಗ್ರಂಥವಿಲ್ಲವೆಂಬ ನೆವ ಯಾವ ಸಭೆಗೂ ಇಲ್ಲ. ಕನ್ನಡದ ಮನೆಗಳಿಂದ ಜನ ಬರುವ ಸಭೆಯು ವೇದಪಾಠವನ್ನೂ ಪಾಪನಿವೇದನೆಯನ್ನೂ ಮರಾಠಿಯ ಜೊತೆಗೆ ಕನ್ನಡದಲ್ಲಿಯೂ ನಡೆಸುವುದನ್ನು ಭಾಷಾಭಿಮಾನದ ಬೇಡಿಕೆಯೆಂದು ತಳ್ಳಿಹಾಕಲಾಗದು. ಆ ಹದಿನಾಲ್ಕನೆಯ ಅಧ್ಯಾಯವನ್ನು ಪ್ರಮಾಣವೆಂದು ಒಪ್ಪುವ ಸಭಾಪಾಲಕನಿಗೆ ಅದು ಕಡ್ಡಾಯದ ಕರ್ತವ್ಯ.