ಸಿಟ್ಟಿಗೊಂದು ನ್ಯಾಯ, ಅಳುವಿಗೊಂದು ನ್ಯಾಯ

ಒಂದು ಸಾವು, ಅದರ ನೋವು ಇಬ್ಬರಿಗೆ. ಒಬ್ಬ ಕೂಗಾಡಿದ, ಇನ್ನೊಬ್ಬಳು ಅತ್ತಳು. ಅನೇಕ ಓದುಗರು ಕೂಗಾಡಿದವನಿಗೆ ಮರುಗಿದರು, ಅತ್ತವಳನ್ನು ಗೇಲಿ ಮಾಡಿದರು.

ಜೆ.ಕೆ. ರೋಲಿಂಗ್ ಅವರ ಹ್ಯಾರಿ ಪಾಟರ್ ಮಾಲೆಯ ಐದನೆಯ ಪುಸ್ತಕ ಹೊರಬಂದದ್ದು 2003ರಲ್ಲಿ. ಅದರ ಹಿಂದಿನ ಪುಸ್ತಕದ ಕೊನೆಯಲ್ಲಿ ಸೆಡ್ರಿಕ್ ಎಂಬ ವಿದ್ಯಾರ್ಥಿ ಹ್ಯಾರಿಯ ಕಣ್ಣೆದುರೇ ಕೊಲೆಯಾಗುತ್ತಾನೆ. ಆ ಆಘಾತ ಹೊತ್ತ ಹ್ಯಾರಿ ಐದನೆಯ ಪುಸ್ತಕದಲ್ಲಿ ಪ್ರಾಣಸ್ನೇಹಿತರ ಮೇಲೆಯೇ ಹರಿಹಾಯುತ್ತಾನೆ. ಸೆಡ್ರಿಕ್‌ನ ಗೆಳತಿಯಾಗಿದ್ದ ಚೋ ಚಾಂಗ್ ಅವನ ನೆನಪಾದಾಗಲೆಲ್ಲ ಕಣ್ಣೀರಿಡುತ್ತಾಳೆ.

ಹ್ಯಾರಿಯ ಸಿಡುಕು ಕೆಲವರಿಗೆ ಬೇಸರ ತರಿಸಿತು, ನಿಜ. ಆದರೆ 'ಪಾಪ, ಎಷ್ಟು ಅನುಭವಿಸಿದ್ದಾನೆ' ಎಂಬ ಸಮರ್ಥನೆಯೂ ಜೊತೆಗೇ ಬಂತು. ಚೋಗೆ ಸಿಕ್ಕಿದ್ದು 'ಅಳುಬುರುಕಿ' ಎಂಬ ಬಿರುದು. ಅವಳ ಮನಸ್ಸಿನಲ್ಲಿ ದುಃಖ, ಗೊಂದಲ, ಅಪರಾಧಭಾವ ಒಟ್ಟಿಗೇ ಕುದಿಯುತ್ತಿವೆ ಎಂದು ಹರ್ಮಯೊನಿ ಅದೇ ಪುಸ್ತಕದಲ್ಲಿ ಬಿಡಿಸಿ ಹೇಳುತ್ತಾಳೆ. ಆ ಮಾತು ಓದಿದವರೂ ಅದನ್ನು ಮರೆತರು.

ಏಕೆ ಹೀಗೆ? ಕಥೆ ಸಾಗುವುದು ಹ್ಯಾರಿಯ ಕಣ್ಣಿನಿಂದ. ಅವನ ಕೆಟ್ಟ ಕನಸುಗಳೂ ನಮಗೆ ಗೊತ್ತು. ಚೋಳ ಕೆನ್ನೆಯ ಮೇಲಿನ ನೀರಷ್ಟೇ ನಮಗೆ ಕಾಣುವುದು. ಒಳಗು ಕಂಡವರನ್ನು ಕ್ಷಮಿಸುತ್ತೇವೆ, ಹೊರಗಷ್ಟೇ ಕಂಡವರಿಗೆ ತೀರ್ಪು ಕೊಡುತ್ತೇವೆ. ಹುಡುಗಿಯರ ಅಳುವೆಂದರೆ ಮೊದಲೇ ಇರುವ ತಾತ್ಸಾರವೂ ಇದರ ಜೊತೆ ಸೇರುತ್ತದೆ.

ಇದು ಕಥೆಯೊಳಗೇ ಉಳಿಯುವುದಿಲ್ಲ. ಅಮೆರಿಕದ 'ಬ್ರೇಕಿಂಗ್ ಬ್ಯಾಡ್' ಧಾರಾವಾಹಿಯ ನಾಯಕ ಮಾದಕವಸ್ತು ತಯಾರಿಸುವ ರಸಾಯನಶಾಸ್ತ್ರದ ಮೇಷ್ಟ್ರು. ಅವನ ಕೋಪ, ಅಹಂಕಾರಗಳಿಗೆ ಅಭಿಮಾನಿಗಳು ಚಪ್ಪಾಳೆ ತಟ್ಟಿದರು. ಅವನನ್ನು ಎದುರಿಸಿದ ಹೆಂಡತಿ ಸ್ಕೈಲರ್ ಮೇಲೆ ಹಗೆ ಕಾರಿದರು. ಆ ಹಗೆ ತನ್ನ ಮೇಲೂ ತಿರುಗಿದ್ದನ್ನು ಪಾತ್ರಧಾರಿ ಆನಾ ಗನ್ 2013ರಲ್ಲಿ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯಲ್ಲಿ ಬರೆದುಕೊಂಡರು.

ವಿದ್ಯಾರ್ಥಿಗಳು ಒಂದು ಸಣ್ಣ ಪರೀಕ್ಷೆ ಮಾಡಿ ನೋಡಬಹುದು. ಇಷ್ಟವಾಗದ ಪಾತ್ರದ ನಡತೆಯನ್ನು ಮೆಚ್ಚಿನ ಪಾತ್ರಕ್ಕೆ ಕೊಟ್ಟು ನೋಡಿ. ಹ್ಯಾರಿ ಅತ್ತು, ಚೋ ಕೂಗಾಡಿದ್ದರೆ ನಿಮ್ಮ ತೀರ್ಪು ಏನಾಗುತ್ತಿತ್ತು? ಉತ್ತರ ಬದಲಾದರೆ, ನೀವು ತೂಗಿದ್ದು ನಡತೆಯನ್ನಲ್ಲ, ಆಳನ್ನು.

ತಂದೆತಾಯಿಗೂ ಇದು ಅನ್ವಯಿಸುತ್ತದೆ. ಮಗ ಬಾಗಿಲು ಬಡಿದರೆ 'ವಯಸ್ಸು, ಬಿಡಿ' ಎನ್ನುವ ಮನೆಯಲ್ಲಿ ಮಗಳು ಅತ್ತರೆ 'ನಾಟಕ' ಎಂಬ ಮಾತು ಬರುತ್ತಿದೆಯೇ? ಮಗನೇ ಅತ್ತರೆ 'ಹೆಣ್ಣಿಗ' ಎನ್ನುತ್ತೇವೆಯೇ? ಮಕ್ಕಳು ತಕ್ಕಡಿ ಹಿಡಿಯಲು ಕಲಿಯುವುದು ಮನೆಯಲ್ಲಿಯೇ.